ಆರತಕ್ಷತೆ ಸಂಜೆ ಏಳಕ್ಕೆ: ಅತಿಥಿಯ ಲೋಟದಲ್ಲಿ ಏನಿರಬೇಕು?

ಶಿವಾಜಿನಗರ, ಹಲಸೂರಿನಿಂದ ಹಿಡಿದು ಇಂದಿರಾನಗರ, ಕೆ.ಆರ್. ಪುರದವರೆಗೆ ನೆಲೆಸಿರುವ ನಮ್ಮ ಕುಟುಂಬಗಳ ಮದುವೆ ಮಾತುಕತೆಯಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ವಿಷಯ ಸೇರಿಕೊಂಡಿದೆ. ಮುಹೂರ್ತ, ಛತ್ರ, ಸೀರೆ, ಬೆಳ್ಳಿ ಎಲ್ಲ ಇತ್ಯರ್ಥವಾದ ಮೇಲೆ, ಮನೆಯ ಹಿರಿಯರು ಎದ್ದು ಆಚೆ ಹೋದದ್ದನ್ನು ನೋಡಿಕೊಂಡು ಯಾರಾದರೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ: "ಆಫೀಸಿನವರು ಬರ್ತಾರಲ್ಲ, ಅವರಿಗೆ ಡ್ರಿಂಕ್ಸ್ ಏನು ಮಾಡೋಣ?"

ಇದಕ್ಕೆ ಕೆಲವು ಮನೆಗಳಲ್ಲಿ "ನಮ್ಮಲ್ಲಿ ಇಲ್ಲ" ಎಂಬ ಒಂದೇ ಮಾತಿನ ಉತ್ತರ. ಬೆರಳೆಣಿಕೆಯ ಮನೆಗಳಲ್ಲಿ "ಇರಲಿ ಬಿಡಿ, ಕಾಲ ಬದಲಾಗಿದೆ" ಎಂಬ ಉತ್ತರ. ಆದರೆ ಹೆಚ್ಚು ಹೆಚ್ಚು ಕೇಳಿಬರುತ್ತಿರುವುದು ಮೂರನೆಯದು: ಕೆಳಗೆ ಹಾಲ್‌ನಲ್ಲಿ ಶುದ್ಧ ಜೈನ ಊಟ, ಹೋಟೆಲಿನ ಮೂರನೇ ಮಹಡಿಯಲ್ಲಿ ಹುಡುಗನ ಸ್ನೇಹಿತರಿಗೆಂದು ಒಂದು ರೂಮು. ಅಲ್ಲಿ ಏನಿದೆಯೆಂದು ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ರೂಮು ಸಿಗದಿದ್ದರೆ ವಾಹನ ನಿಲ್ಲಿಸುವ ಜಾಗದಲ್ಲಿ ಕಾರಿನ ಡಿಕ್ಕಿ ಆ ಕೆಲಸ ಮಾಡುತ್ತದೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಮೂರನೆಯ ದಾರಿ ಅತಿಥಿಗೂ ಮರ್ಯಾದೆಯಲ್ಲ, ಮನೆಗೂ ಮರ್ಯಾದೆಯಲ್ಲ. ಹಾಗೆಂದು ಮೊದಲ ಉತ್ತರ ಕೊಟ್ಟವರೆಲ್ಲ ಅತಿಥಿಯ ಬಾಯಾರಿಕೆಯ ಬಗ್ಗೆ ಸರಿಯಾಗಿ ಯೋಚಿಸಿದ್ದಾರೆ ಎಂದೂ ಹೇಳುವಂತಿಲ್ಲ. ಆ ವಿಷಯಕ್ಕೆ ಮುಂದೆ ಬರೋಣ.

ಮದ್ಯದ ನಡುವೆ ಬದುಕುವುದು ಬೆಂಗಳೂರು ದಂಡಿನ ಜೈನರಿಗೆ ಹೊಸತಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ದಂಡು ಕಟ್ಟಿದ ಮೇಲೆ ಸೈನಿಕರ ಜೊತೆ ಅವರ ಪಾನಶಾಲೆಗಳೂ ಬಂದವು. ಇಂದು ಯುಬಿ ಸಿಟಿ ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ಇದ್ದದ್ದು ಬಿಯರ್ ಕಾರ್ಖಾನೆ. ಬಟ್ಟೆ, ಚಿನ್ನಬೆಳ್ಳಿ, ಗಿರವಿ ವ್ಯಾಪಾರಕ್ಕೆಂದು ಕಮರ್ಷಿಯಲ್ ಸ್ಟ್ರೀಟ್, ಶಿವಾಜಿನಗರದ ಬೀದಿಗಳಿಗೆ ಬಂದು ನೆಲೆಸಿದ ಮಾರವಾಡಿ, ಗುಜರಾತಿ ಶ್ವೇತಾಂಬರ ಮನೆತನಗಳು ಈ ಪರಿಸರದಲ್ಲೇ ಅಂಗಡಿ ನಡೆಸಿ, ಗಿರಾಕಿಗಳ ಮನೆಯ ಮದುವೆಗೆ ಹೋಗಿ, ಮುಯ್ಯಿ ಕೊಟ್ಟು, ತಮ್ಮ ನಿಯಮ ಉಳಿಸಿಕೊಂಡು ಬಂದವು. ಹಾಸನ, ಬೆಳಗಾವಿ, ದಕ್ಷಿಣ ಕನ್ನಡದ ಕಡೆಯಿಂದ ಕೆಲಸಕ್ಕೆಂದು ಬಂದು ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮನೆ ಮಾಡಿದ ಕನ್ನಡ ದಿಗಂಬರ ಕುಟುಂಬಗಳು ನಂತರದವು. ಹಿಂದೆ ಪಾನಶಾಲೆ ಬೀದಿಯ ಆಚೆಗಿತ್ತು, ನಮ್ಮ ಮನೆಯ ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ. ಈಗ ಇಂದಿರಾನಗರದ ನೂರಡಿ ರಸ್ತೆಯ ಪಬ್ಬಿನಲ್ಲಿ ಶುಕ್ರವಾರ ಸಂಜೆ ಕುಳಿತಿರುವ ತಂಡದಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಅವರಲ್ಲಿ ಬಹಳ ಮಂದಿ ನಿಂಬೆ ಸೋಡಾ ಕುಡಿದು ಬರುತ್ತಾರೆ, ಕೆಲವರು ಹಾಗಲ್ಲ. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು.

ಶಾಸ್ತ್ರ ಇಲ್ಲಿ ಗೊಂದಲಕ್ಕೆ ಎಡೆಕೊಟ್ಟಿಲ್ಲ. ಶ್ರಾವಕನ ಎಂಟು ಮೂಲಗುಣಗಳನ್ನು ಆಚಾರ್ಯರು ಬೇರೆ ಬೇರೆ ರೀತಿ ಎಣಿಸಿದ್ದಾರೆ. ಸಮಂತಭದ್ರರು ಮದ್ಯ, ಮಾಂಸ, ಮಧು ತ್ಯಾಗದ ಜೊತೆ ಐದು ಅಣುವ್ರತಗಳನ್ನು ಹೇಳಿದರೆ, ಅಮೃತಚಂದ್ರರು ಅದೇ ಮೂರರ ಜೊತೆ ಐದು ಉದುಂಬರ ಫಲಗಳ ತ್ಯಾಗವನ್ನು ಹೇಳುತ್ತಾರೆ. ಯಾವ ಪಟ್ಟಿ ತೆಗೆದುಕೊಂಡರೂ ಮದ್ಯ ಇದ್ದೇ ಇದೆ, ಸಪ್ತವ್ಯಸನಗಳಲ್ಲಿಯೂ ಇದೆ. ಬುದ್ಧಿ ಮಂಕಾಗುವುದು ಒಂದು ಕಾರಣ. ಹುದುಗಿದ ರಸದಲ್ಲಿ ಲೆಕ್ಕವಿಲ್ಲದ ಸೂಕ್ಷ್ಮ ಜೀವಗಳು ಹುಟ್ಟಿ ಸಾಯುತ್ತವೆ ಎಂಬ ಹಿಂಸೆಯ ಲೆಕ್ಕ ಇನ್ನೊಂದು.

"ನಾನಂತೂ ಮುಟ್ಟಲ್ಲ, ಬಂದವರಿಗೆ ಮಾತ್ರ ಇಟ್ಟಿದ್ದೇನೆ" ಎನ್ನುವವರು ಮರೆಯುವುದು ಕೃತ, ಕಾರಿತ, ಅನುಮೋದನ ಎಂಬ ಮೂರು ಮಾತುಗಳನ್ನು. ತಾನು ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಮೂರನ್ನೂ ತತ್ತ್ವಾರ್ಥಸೂತ್ರ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಬಿಲ್ಲು ಕಟ್ಟಿ ಕುಡಿಸಿದವನು ಕಾರಿತದ ಲೆಕ್ಕಕ್ಕೆ ಬರುತ್ತಾನೆ. ಮೂರನೇ ಮಹಡಿಯ ರೂಮಿನ ವಿಷಯ ಗೊತ್ತಿದ್ದೂ ಮುಗುಳ್ನಕ್ಕ ಮಾವನವರು ಅನುಮೋದನದಿಂದ ತಪ್ಪಿಸಿಕೊಳ್ಳುವುದು ಕಷ್ಟ. ಪಕ್ಕದ ಮನೆಯವರು ತಮ್ಮ ಮನೆಯಲ್ಲಿ ಕುಡಿಯುವುದಕ್ಕೂ ನಾವು ಕರೆದು ಕೊಡುವುದಕ್ಕೂ ಇರುವ ಅಂತರ ಇದು.

ಧರ್ಮದ ಮಾತು ಬೇಡ ಎನ್ನುವವರಿಗೆ ಕಾನೂನಿನ ಮಾತೂ ಇದೆ. ಬಾರ್ ಸನ್ನದು ಇಲ್ಲದ ಛತ್ರ, ಸಭಾಂಗಣಗಳಲ್ಲಿ ಸಮಾರಂಭಕ್ಕೆ ಮದ್ಯ ಕೊಡಬೇಕಾದರೆ ಅಬಕಾರಿ ಇಲಾಖೆಯಿಂದ ಸಿಎಲ್–5 ಎಂಬ ಆ ಸಂದರ್ಭಕ್ಕಷ್ಟೇ ಸೀಮಿತವಾದ ಸನ್ನದು ಪಡೆಯಬೇಕು. ಕಾರಿನ ಡಿಕ್ಕಿಗೆ ಅಂಥ ಸನ್ನದು ಇರುವುದಿಲ್ಲ. ನಮ್ಮ ರಾಜ್ಯದಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಪ್ರಸ್ತಾವ 2023ರ ಜನವರಿಯಲ್ಲಿ ಬಂದು, ಆಕ್ಷೇಪ ಎದ್ದ ಮೇಲೆ ಸರ್ಕಾರ ಕೈಬಿಟ್ಟಿತು. ಮೇಲಿನ ರೂಮಿನಲ್ಲಿ ಯಾರ ವಯಸ್ಸು ಎಷ್ಟೆಂದು ನೋಡುವವರು ಯಾರು? ಅಲ್ಲಿಂದ ಇಳಿದವರು ರಾತ್ರಿ ಹತ್ತೂವರೆಗೆ ಹಳೆ ಮದರಾಸು ರಸ್ತೆಯಲ್ಲಿ ಗಾಡಿ ಓಡಿಸಿಕೊಂಡು ಮನೆಗೆ ಹೋಗುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರ ಇದ್ದರೆ, ಮೊದಲ ಸಲದ ತಪ್ಪಿಗೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ. ದಂಡ ಕಟ್ಟಿ ಮುಗಿಯುವಂಥದ್ದಾದರೆ ಅದು ಅದೃಷ್ಟ. ಮದುವೆ ಮನೆಯ ಹೆಸರು ಪೊಲೀಸ್ ಠಾಣೆಯಲ್ಲೋ ಆಸ್ಪತ್ರೆಯಲ್ಲೋ ಕೇಳಿಬರಬಾರದು.

ಇನ್ನೂ ಒಬ್ಬ ಅತಿಥಿ ಇದ್ದಾನೆ, ಅವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಡಿತ ಬಿಟ್ಟವನು. ನಮ್ಮ ಸಮಾಜದಲ್ಲಿ ಅಂಥವರೇ ಇಲ್ಲ ಎಂದು ನಟಿಸುವುದು ಸುಲಭ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳ್ತನದಲ್ಲಿ ನಡೆಯುತ್ತಿರುವ ಮದ್ಯವರ್ಜನ ಶಿಬಿರಗಳು ನಾಡಿನ ಎಲ್ಲ ಜಾತಿ, ಎಲ್ಲ ಊರಿನ ಮನೆಗಳಿಗೆ ನೆರಳಾಗಿವೆ. ಜೈನ ಮನೆತನವೊಂದು ಇಡೀ ಕರ್ನಾಟಕಕ್ಕೆ ಕೊಟ್ಟ ದೊಡ್ಡ ಸೇವೆಗಳಲ್ಲಿ ಅದೂ ಒಂದು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಶಿಬಿರದಿಂದಲೋ ನಿಮ್ಹಾನ್ಸ್‌ನಿಂದಲೋ ಹೊರಬಂದು, ಎಂಟು ತಿಂಗಳು ಬಾಯಿ ಕಟ್ಟಿ ಬದುಕಿರುವ ಒಬ್ಬ ತಮ್ಮನೋ ಭಾವನೋ ಯಾವ ಕುಟುಂಬದಲ್ಲೂ ಇರಬಹುದು. ಅವನು ನೆಮ್ಮದಿಯಿಂದ ಕೂರಬಹುದಾದ ಜಾಗವೆಂದರೆ ಜೈನ ಮದುವೆ. ಅಲ್ಲಿಯೂ ಭುಜ ತಟ್ಟಿ "ಮೇಲೆ ಬಾ" ಎಂದು ಕರೆದರೆ ಅವನು ಎಲ್ಲಿಗೆ ಹೋಗಬೇಕು?

ಸರಿ, ಇಲ್ಲ ಎಂದು ಹೇಳುವುದು ಹೇಗೆ? ಬೀಗರ ಕಡೆಯವರು ಬೇರೆ ಸಮುದಾಯದವರಾದರೆ ಇದು ನಿಜವಾದ ಪ್ರಶ್ನೆ. ಕೊಡವರ ಮದುವೆಯಲ್ಲಿ ಮದ್ಯ ಉಪಚಾರದ ಭಾಗ. ದಂಡಿನ ಕ್ರೈಸ್ತ ಕುಟುಂಬಗಳಲ್ಲಿ ವಧೂವರರ ಹೆಸರಿನಲ್ಲಿ ದ್ರಾಕ್ಷಾರಸದ ಲೋಟ ಎತ್ತುವುದು ಶುಭ ಹಾರೈಕೆ. ಅವರಿಗೆ ಅದು ವ್ಯಸನದ ಗುರುತಲ್ಲ, ಮನೆಯ ಪದ್ಧತಿ. ಆದ್ದರಿಂದ ಕಾರ್ಯಕ್ರಮದ ದಿನ ಬಾಗಿಲಲ್ಲಿ ನಿಂತು ಪಾಠ ಹೇಳುವುದು ಅಸಭ್ಯತೆ. ನಿಶ್ಚಿತಾರ್ಥಕ್ಕೂ ಮೊದಲೇ, ಗಂಡು ಹೆಣ್ಣಿನ ಮೂಲಕ ಹೇಳಿ ಕಳಿಸದೆ, ಹಿರಿಯರೇ ಫೋನ್ ಮಾಡಿ ಹೇಳಿದರೆ ಯಾರಿಗೂ ನೋವಾಗುವುದಿಲ್ಲ. "ಬೀಗರೇ, ನಮ್ಮ ಮನೆಯ ಕಾರ್ಯದಲ್ಲಿ ಆ ಪದ್ಧತಿ ಇಲ್ಲ. ನಿಮ್ಮ ಕಡೆಯವರಿಗೆ ಮೊದಲೇ ತಿಳಿಸಿಬಿಟ್ಟರೆ ಉಪಕಾರ. ಬಾಕಿ ಉಪಚಾರದಲ್ಲಿ ನಿಮಗೆ ಕೊರತೆ ಮಾಡಲ್ಲ" ಎಂದರೆ ಸಾಕು. ಕಾರಣಗಳ ಪಟ್ಟಿ ಬೇಕಿಲ್ಲ. ಕ್ಷಮೆ ಕೇಳುವ ದನಿಯೂ ಬೇಕಿಲ್ಲ.

ಅವರ ಮನೆಯ ಕಾರ್ಯ ಅವರ ಹೆಸರಿನಲ್ಲಿ, ಅವರ ದಿನ, ಅವರ ಪದ್ಧತಿಯಂತೆ ನಡೆಯಲಿ. ನಾವು ಹೋಗೋಣ, ಹರಸೋಣ, ನಮಗೆ ಸಲ್ಲುವುದನ್ನು ತಿಂದು ಕುಡಿದು ಬರೋಣ. ಆಮಂತ್ರಣ ಪತ್ರಿಕೆಯಲ್ಲಿ ಕರೆಯುವವರು ಯಾರೋ ಅವರ ನಿಯಮ. ತೊಡಕು ಬರುವುದು ಎರಡೂ ಕಡೆಯವರು ಸೇರಿ ಒಂದೇ ಹೋಟೆಲಿನಲ್ಲಿ ಅರ್ಧ ಅರ್ಧ ಖರ್ಚಿನಲ್ಲಿ ಮಾಡುವ ಆರತಕ್ಷತೆಗೆ. ತಲೆಗಿಷ್ಟು ಎಂಬ ದರದೊಳಗೆ ಊಟ, ಅಲಂಕಾರ, ಪಾನೀಯ ಎಲ್ಲ ಸೇರಿಸಿ ಹೋಟೆಲಿನವರು ಒಂದು ಪ್ಯಾಕೇಜ್ ಕೊಡುತ್ತಾರೆ. ಅದರಲ್ಲಿ ಪಾನೀಯ ಎಂದರೆ ಏನೇನು ಎಂದು ಕೇಳಿ, ಮದ್ಯವನ್ನು ತೆಗೆಸಿ, ಬರಹದಲ್ಲಿ ಪಡೆಯಬೇಕು. ಜಂಟಿ ಕಾರ್ಯಕ್ರಮದಲ್ಲಿ ನಮ್ಮ ಹೆಸರು ಇದ್ದ ಮೇಲೆ "ಆ ಕೌಂಟರಿನ ಬಿಲ್ಲು ಅವರದು" ಎಂಬ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಒಪ್ಪುವ ಕುಟುಂಬಗಳಿವೆ, ಬಲ್ಲೆ.

ಇನ್ನು ಮದ್ಯ ಇಲ್ಲ ಎಂದು ಗಟ್ಟಿಯಾಗಿ ಹೇಳುವ ಮನೆಗಳ ವಿಷಯ. ಆಮಂತ್ರಣ ಪತ್ರಿಕೆ ತೆಗೆದು ನೋಡಿ: "ಆರತಕ್ಷತೆ ಸಂಜೆ 7ರಿಂದ." ಬೆಂಗಳೂರಿನಲ್ಲಿ ನವೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಮುಳುಗುವುದು ಸುಮಾರು 5.50ಕ್ಕೆ. ವರ್ಷದಲ್ಲೇ ತಡವಾಗಿ ಮುಳುಗುವ ಜುಲೈ ತಿಂಗಳಲ್ಲಿ ಸುಮಾರು 6.50ಕ್ಕೆ. ಅಂದರೆ ಸಂಜೆ ಏಳರ ಆರತಕ್ಷತೆ ವರ್ಷದ ಯಾವ ದಿನವೂ ಸೂರ್ಯಾಸ್ತಕ್ಕೆ ಮೊದಲು ಬೀಳುವುದಿಲ್ಲ. ರಾತ್ರಿಭೋಜನ ತ್ಯಾಗ ಮಾಡಿದವರು ಬಿಡುವುದು ಅನ್ನವನ್ನು ಮಾತ್ರ ಅಲ್ಲ. ಅನ್ನ, ಪಾನ, ಖಾದ್ಯ, ಲೇಹ್ಯ ನಾಲ್ಕನ್ನೂ ಬಿಟ್ಟವರು, ಶ್ವೇತಾಂಬರರ ಮಾತಿನಲ್ಲಿ ಚೌವಿಹಾರ ಮಾಡುವವರು, ನೀರನ್ನೂ ಮುಟ್ಟುವುದಿಲ್ಲ. ತಿವಿಹಾರದವರಿಗೆ ನೀರು ಮಾತ್ರ ಸಲ್ಲುತ್ತದೆ. ಇನ್ನಷ್ಟು ಕಟ್ಟುನಿಟ್ಟಿನವರು ಸೂರ್ಯಾಸ್ತಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಇರುವಾಗಲೇ ಮುಗಿಸುತ್ತಾರೆ. ನವೆಂಬರಿನಲ್ಲಿ ಅವರ ಕೊನೆಯ ಗುಟುಕು ಐದು ಗಂಟೆಯ ಆಸುಪಾಸಿಗೆ.

ಇಂಥ ಒಬ್ಬ ಅಜ್ಜಿ ಕೆ.ಆರ್. ಪುರದಿಂದ ವಸಂತನಗರದ ಹಾಲ್‌ಗೆ ಬರಬೇಕೆಂದುಕೊಳ್ಳಿ. ಟಿನ್ ಫ್ಯಾಕ್ಟರಿಯ ದಟ್ಟಣೆ ದಾಟಿ ಏಳೂವರೆಗೆ ತಲುಪುತ್ತಾರೆ. ಮೊಮ್ಮಗಳ ಕೈಗೆ ಉಡುಗೊರೆ ಕೊಟ್ಟು, ಫೋಟೊಗೆ ನಿಂತು, ಒಂದು ಹನಿ ನೀರೂ ಕುಡಿಯದೆ ಹಿಂತಿರುಗುತ್ತಾರೆ. ಹಾಲ್‌ನಲ್ಲಿ ಮಾಕ್‌ಟೇಲ್ ಕೌಂಟರು ಹತ್ತು ಬಗೆ ಸುರಿಯುತ್ತಿರುತ್ತದೆ. ಕುಡಿಯುವ ಗೆಳೆಯರಿಗೆ ಏನು ಕೊಡೋಣ ಎಂದು ಮೂರು ಸಭೆ ನಡೆಸಿದ ಮನೆಯವರು ಈ ಅಜ್ಜಿಯ ಬಾಯಾರಿಕೆಗೆ ಮೂರು ನಿಮಿಷವನ್ನೂ ಕೊಟ್ಟಿರುವುದಿಲ್ಲ. ಮದ್ಯದ ಕೌಂಟರ್ ಇಲ್ಲದ ಮಾತ್ರಕ್ಕೆ ಅದು ಜೈನ ಸಮಾರಂಭ ಆಗಿಬಿಟ್ಟಿತೇ ಎಂದು ಕೇಳಬೇಕಾಗಿರುವುದು ಇಲ್ಲಿ.

ನಮ್ಮ ಪರಂಪರೆಯಲ್ಲಿ ಅತಿಥಿ ಸತ್ಕಾರದ ಮೊದಲ ಕಥೆಯೇ ಒಂದು ಪಾನೀಯದ ಕಥೆ. ಆದಿನಾಥ ಸ್ವಾಮಿ ದೀಕ್ಷೆಯ ನಂತರದ ಉಪವಾಸ ಮುಗಿಸಿ ಆಹಾರಕ್ಕೆಂದು ಊರೂರು ನಡೆದಾಗ ಜನ ಭಕ್ತಿಯಿಂದಲೇ ಎದುರು ಬಂದರು. ಚಿನ್ನ, ರತ್ನ, ಆನೆ, ಕುದುರೆ ಏನೆಲ್ಲ ತಂದರು. ಮುನಿಗೆ ಬೇಕಾದದ್ದು ಏನು, ಕೊಡುವ ಕ್ರಮ ಯಾವುದು ಎಂಬುದೊಂದು ಯಾರಿಗೂ ಗೊತ್ತಿರಲಿಲ್ಲ. ತಿಂಗಳುಗಟ್ಟಲೆ ಸ್ವಾಮಿ ಬರಿಗೈಯಲ್ಲಿ ಮುಂದೆ ನಡೆದರು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ರಾಜನಿಗೆ ಪೂರ್ವಜನ್ಮದ ಸ್ಮರಣೆಯಾಗಿ, ಕಬ್ಬಿನ ಹಾಲು ಕೊಟ್ಟ. ಇಂದಿಗೂ ವರ್ಷೀತಪ ಮಾಡಿದವರಿಗೆ ಅಕ್ಷಯ ತೃತೀಯದಂದು ಪಾರಣೆ ಮಾಡಿಸುವುದು ಇಕ್ಷುರಸದಿಂದಲೇ. ಆ ಕಥೆಯಲ್ಲಿ ಊರಿನವರು ಜಿಪುಣರಾಗಿರಲಿಲ್ಲ, ಬೇಕಾದದ್ದಕ್ಕಿಂತ ಹೆಚ್ಚೇ ತಂದಿದ್ದರು. ಅವರಿಗೆ ತಿಳಿಯದೆ ಹೋದದ್ದು ಅತಿಥಿಯ ಅಗತ್ಯ. ಹತ್ತು ಬಗೆಯ ಮಾಕ್‌ಟೇಲಿನ ಮುಂದೆ ಬಾಯಾರಿ ನಿಂತ ಅಜ್ಜಿಯನ್ನು ನೋಡಿದಾಗ ಆ ಕಥೆಯೇ ನೆನಪಾಗುತ್ತದೆ.

ಗೊತ್ತಿಲ್ಲದಿದ್ದರೆ ಕೇಳುವುದೊಂದೇ ದಾರಿ. ಆಮಂತ್ರಣ ಕೊಡಲು ಹೋದಾಗಲೇ "ನಿಮ್ಮ ಮನೆಯಲ್ಲಿ ಚೌವಿಹಾರದವರು ಯಾರಿದ್ದಾರೆ, ಕಾಯಿಸಿದ ನೀರು ಯಾರಿಗೆ ಬೇಕು?" ಎಂದು ಕೇಳಿ ಬರೆದುಕೊಳ್ಳುವ ಕ್ರಮ ಹಳೆಯ ಮನೆಗಳಲ್ಲಿ ಇತ್ತು. ಈಗ ಆಮಂತ್ರಣ ವಾಟ್ಸ್‌ಆ್ಯಪ್‌ನಲ್ಲಿ ಹೋಗುತ್ತದೆ, ಪ್ರಶ್ನೆ ಹೋಗುವುದಿಲ್ಲ. ಅದೇ ಸಂದೇಶದ ಕೆಳಗೆ ಎರಡು ಸಾಲು ಸೇರಿಸಲು ಖರ್ಚೇನೂ ಇಲ್ಲ.

ಕಾಯಿಸಿದ ನೀರಿನ ವಿಷಯದಲ್ಲಿ ಅಡುಗೆ ಗುತ್ತಿಗೆಯವರಿಗೆ ಸ್ಪಷ್ಟವಾಗಿ ಹೇಳಿಕೊಡಬೇಕು. "ಬಿಸಿನೀರು ಇಡಿ" ಎಂದರೆ ಅವರು ಕ್ಯಾನಿನ ನೀರನ್ನು ಉಗುರು ಬೆಚ್ಚಗೆ ಮಾಡಿ ಫ್ಲಾಸ್ಕಿನಲ್ಲಿಡುತ್ತಾರೆ. ಅದು ಕಾಯಿಸಿದ ನೀರಲ್ಲ. ಸೋಸಿ, ಚೆನ್ನಾಗಿ ಕುದಿಸಿ, ಆರಿಸಿದ ನೀರು ಬೇಕು. ಯಾವ ಹೊತ್ತಿಗೆ ಕುದಿಸಿದ್ದು ಎಂಬುದೂ ಬೇಕು, ಏಕೆಂದರೆ ಅದಕ್ಕೆ ಕಾಲಮಿತಿ ಇದೆ. ದಿಗಂಬರ ಪದ್ಧತಿಯಲ್ಲಿ ಸೋಸಿದ ನೀರಿಗೆ 48 ನಿಮಿಷ, ಲವಂಗದಂಥದ್ದು ಹಾಕಿ ಪ್ರಾಸುಕ ಮಾಡಿದ್ದಕ್ಕೆ ಆರು ಗಂಟೆ, ಕುದಿಸಿದ್ದಕ್ಕೆ 24 ಗಂಟೆ. ಶ್ವೇತಾಂಬರರಲ್ಲಿ ಕುದಿಸಿದ ನೀರಿಗೆ ಬೇಸಿಗೆಯಲ್ಲಿ ಐದು ಪ್ರಹರ, ಚಳಿಗಾಲದಲ್ಲಿ ನಾಲ್ಕು, ಮಳೆಗಾಲದಲ್ಲಿ ಮೂರು. ಪಾತ್ರೆಯ ಮೇಲೆ ಒಂದು ಚೀಟಿ ಅಂಟಿಸಿ "ಬೆಳಿಗ್ಗೆ 8ಕ್ಕೆ ಕುದಿಸಿದ್ದು" ಎಂದು ಬರೆದರೆ ಎರಡೂ ಪಂಥದವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ, ನಾವು ಯಾರ ಪರವಾಗಿಯೂ ತೀರ್ಪು ಕೊಡಬೇಕಾಗಿಲ್ಲ. ಹಾಗೆಯೇ ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗಳ ವಿಷಯ: ಎರಡು ಗುಟುಕು ಕುಡಿದು ಕುರ್ಚಿಯ ಕೆಳಗೆ ಬಿಟ್ಟುಹೋದ ಬಾಟಲಿಗಳನ್ನು ಕಂಡಾಗ, 2024ರ ಬೇಸಿಗೆಯಲ್ಲಿ ನಗರದ ಪೂರ್ವದ ಬಡಾವಣೆಗಳು ಟ್ಯಾಂಕರಿಗಾಗಿ ಕಾದದ್ದು ನೆನಪಾಗುತ್ತದೆ. ಸ್ಟೀಲ್ ಲೋಟಕ್ಕೆ ಏನಾಗಿತ್ತೋ.

ಮಾಕ್‌ಟೇಲ್ ಎಂಬ ಹೆಸರಿನಲ್ಲಿ ಬರುವುದೆಲ್ಲ ನಮಗೆ ಸಲ್ಲುತ್ತದೆ ಎಂದು ತಿಳಿಯುವುದೂ ತಪ್ಪು. ನಿಂಬೆ ರಸಕ್ಕೆ ಜೇನು ಹಾಕುತ್ತಾರೆ. ಮದ್ಯ, ಮಾಂಸದ ಜೊತೆಗೇ ತ್ಯಾಜ್ಯವೆಂದು ಹೇಳಿದ ಮಧು ಅದು, ಆದರೂ ಆರೋಗ್ಯಕರ ಎಂಬ ಹೆಸರಿನಲ್ಲಿ ನಮ್ಮ ಮದುವೆಗಳಲ್ಲೇ ಧಾರಾಳವಾಗಿ ಹರಿಯುತ್ತಿದೆ. ಹಸಿ ಶುಂಠಿ ಚಹಾದಲ್ಲಿದೆ, ಮಜ್ಜಿಗೆಯಲ್ಲಿದೆ, ಜಿಂಜರ್ ಏಲ್‌ನ ಹೆಸರಿನಲ್ಲೇ ಇದೆ. ಒಣಶುಂಠಿ ಹಾಕಿದರೆ ಯಾರ ತಕರಾರೂ ಇರುವುದಿಲ್ಲ. ಕ್ಯಾರೆಟ್, ಬೀಟ್‌ರೂಟ್ ಜ್ಯೂಸು ಕಂದಮೂಲ ಎಂದು ಬೇರೆ ಹೇಳಬೇಕಿಲ್ಲ. ಕೆಂಪು, ಗುಲಾಬಿ ಬಣ್ಣದ ಸಿರಪ್ ಬಾಟಲಿಯ ಹಿಂದೆ ಐಎನ್‌ಎಸ್ 120 ಎಂದಿದ್ದರೆ ಅದು ಕೀಟಗಳಿಂದ ತೆಗೆದ ಬಣ್ಣ. ಕೊಂಬುಚ ಎಂಬುದು ಹುದುಗಿಸಿದ ಚಹಾ. ಮದ್ಯ ತೆಗೆದ ಬಿಯರ್ ಎಂದು ಬರುವುದೂ ಹುದುಗಿಸಿಯೇ ಆದದ್ದು, ಶೇಕಡಾ ಸೊನ್ನೆ ಎಂಬ ಚೀಟಿ ನೋಡಿ ಮರುಳಾಗಬೇಡಿ. ಮಂಜುಗಡ್ಡೆಯನ್ನು ಬಿಟ್ಟವರೂ ಇದ್ದಾರೆ. ಹಾಲನ್ನೇ ಬಿಟ್ಟ ತರುಣ ತರುಣಿಯರು ಈಗ ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಅವರನ್ನು ನೋಡಿ ನಗುವ ಹಿರಿಯರು, ತಾವು ಆಲೂಗಡ್ಡೆ ಬಿಟ್ಟದ್ದಕ್ಕೆ ಯಾರಾದರೂ ನಕ್ಕಾಗ ಹೇಗನಿಸಿತ್ತು ಎಂದು ಯೋಚಿಸಲಿ. ಹಾಲಿಲ್ಲದ ಕಷಾಯವೊಂದು ಇಟ್ಟರೆ ಅವರಿಗೂ ಆಯಿತು, ಸಕ್ಕರೆ ಹಾಕದೆ ಇಟ್ಟರೆ ಮಧುಮೇಹದವರಿಗೂ ಆಯಿತು.

ಇಷ್ಟೆಲ್ಲ ಕೇಳಿ ಗಾಬರಿಯಾಗಬೇಕಿಲ್ಲ. ದಕ್ಷಿಣ ಕನ್ನಡದ ಮನೆಗಳಲ್ಲಿ ಬಂದವರ ಮುಂದೆ ಮೊದಲು ಬರುವುದು ಬೆಲ್ಲ ಮತ್ತು ನೀರು. ಪುನರ್ಪುಳಿ ಶರಬತ್ತು, ಎಳನೀರು, ಜೀರಿಗೆ ಕಷಾಯ, ಏಲಕ್ಕಿ ಹಾಕಿದ ಬೆಲ್ಲದ ಪಾನಕ, ಬಾದಾಮಿ ಹಾಲು. ಹತ್ತು ಬಣ್ಣದ ಸಿರಪ್ಪಿನ ಬದಲು ಇವುಗಳಲ್ಲಿ ನಾಲ್ಕನ್ನು ಚೆನ್ನಾಗಿ ಮಾಡಿ, ಪ್ರತಿಯೊಂದರ ಮುಂದೆ ಏನೇನು ಹಾಕಿದೆ ಎಂದು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿಟ್ಟರೆ, ಕುಡಿಯುವ ಅಭ್ಯಾಸದ ಅತಿಥಿಗಳೂ ಕುತೂಹಲದಿಂದ ಲೋಟ ಎತ್ತುತ್ತಾರೆ. ಅವರಿಗೆ ಕೊರತೆ ಕಾಣುವುದು ಮದ್ಯ ಇಲ್ಲದಾಗ ಅಲ್ಲ, ಮದ್ಯ ಇಲ್ಲ ಎಂಬ ನೆಪದಲ್ಲಿ ನೀರುನೀರಾದ ರಸ್ನಾ ಕೊಟ್ಟಾಗ.

ಒತ್ತಾಯದ ವಿಷಯ ಹೇಳದೆ ಮುಗಿಸಲಾಗದು. ಆಫೀಸಿನ ಪಾರ್ಟಿಯಲ್ಲಿ ನಮ್ಮ ಹುಡುಗನಿಗೆ "ಒಂದು ಗುಟುಕು, ಏನೂ ಆಗಲ್ಲ" ಎಂದರೆ ನಮಗೆ ಸಿಟ್ಟು ಬರುತ್ತದೆ. ಏಕಾಸನ ಮಾಡಿ ಮಧ್ಯಾಹ್ನವೇ ಮುಗಿಸಿದ ಚಿಕ್ಕಮ್ಮನಿಗೆ "ಅರ್ಧ ಲೋಟ ಕಾಫಿ, ಏನೂ ಆಗಲ್ಲ" ಎಂದು ನಾವೇ ಹೇಳುತ್ತೇವೆ. ಮಾತು ಒಂದೇ. ಉಪಚಾರ ಮಾಡುವಾಗ ಎರಡು ಸಲ ಕೇಳುವುದು ನಮ್ಮ ನಾಡಿನ ಪದ್ಧತಿ, ಸಂಕೋಚದವರಿಗೆ ಅದು ಬೇಕು ಕೂಡ. ಆದರೆ "ನನಗೆ ಪಚ್ಚಕ್ಖಾಣ ಇದೆ", "ನಿಯಮ ಇದೆ" ಎಂಬ ಮಾತು ಬಂದ ಮೇಲೆ ಮೂರನೆಯ ಸಲ ಕೇಳಬಾರದು. ಯಾಕೆ, ಎಷ್ಟು ದಿನದಿಂದ, ಡಾಕ್ಟರು ಹೇಳಿದರಾ ಎಂದು ನಾಲ್ಕು ಜನರ ಮುಂದೆ ವಿಚಾರಿಸಲೂಬಾರದು.

ಬೇರೆಯವರ ಮನೆಗೆ ನಾವು ಅತಿಥಿಗಳಾಗಿ ಹೋದಾಗ ಹೇಗಿರಬೇಕು ಎಂಬುದಕ್ಕೆ ಗಾಂಧೀಜಿಯ ಉದಾಹರಣೆ ಇದೆ. 1888ರಲ್ಲಿ ಇಂಗ್ಲೆಂಡಿಗೆ ಹೊರಡುವ ಮೊದಲು ತಾಯಿಯ ಸಮಾಧಾನಕ್ಕಾಗಿ ಅವರಿಗೆ ಮದ್ಯ, ಮಾಂಸ, ಪರಸ್ತ್ರೀ ಮುಟ್ಟುವುದಿಲ್ಲ ಎಂಬ ಪ್ರತಿಜ್ಞೆ ಮಾಡಿಸಿದವರು ಬೇಚರ್‌ಜೀ ಸ್ವಾಮಿ ಎಂಬ ಜೈನ ಮುನಿ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಓದುವವರು ಕಡ್ಡಾಯವಾಗಿ ಕೂರಬೇಕಾದ ಭೋಜನಗಳಲ್ಲಿ ನಾಲ್ವರ ಗುಂಪಿಗೆ ಎರಡು ಬಾಟಲಿ ದ್ರಾಕ್ಷಾರಸ ಕೊಡುತ್ತಿದ್ದರು. ಗಾಂಧಿ ಮುಟ್ಟುವುದಿಲ್ಲವಾದ್ದರಿಂದ ಅವರ ಪಾಲು ಉಳಿದ ಮೂವರಿಗೆ. ಹೀಗಾಗಿ ತಮ್ಮ ಗುಂಪಿಗೆ ಬರಲಿ ಎಂದು ಎಲ್ಲರೂ ಅವರನ್ನು ಕರೆಯುತ್ತಿದ್ದರಂತೆ, ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಜಗಳವಿಲ್ಲ, ಉಪದೇಶವಿಲ್ಲ, ನಿಯಮವೂ ಮುರಿಯಲಿಲ್ಲ. ಇಂದಿರಾನಗರದ ಶುಕ್ರವಾರಗಳಿಗೆ ನಮ್ಮ ಹುಡುಗರು ಇಷ್ಟು ಕಲಿತುಕೊಂಡರೆ ಸಾಕಾಗುತ್ತದೆ.

ಶಿವಾಜಿನಗರದಲ್ಲಿ ಇನ್ನೊಂದು ಸೊಗಸು ಕಾಣುತ್ತದೆ. ರಂಜಾನ್ ತಿಂಗಳಲ್ಲಿ ಮುಸಲ್ಮಾನ ನೆರೆಯವರು ದಿನವಿಡೀ ನೀರು ಬಿಟ್ಟಿದ್ದು, ಸೂರ್ಯ ಮುಳುಗಿದ ಕೂಡಲೇ ಖರ್ಜೂರ, ನೀರಿನಿಂದ ಉಪವಾಸ ಬಿಡುತ್ತಾರೆ. ಅದೇ ಬೀದಿಯ ಅದೇ ಅಂಗಡಿ ಸಾಲಿನಲ್ಲಿ, ಅದೇ ಸೂರ್ಯಾಸ್ತಕ್ಕೆ, ಚೌವಿಹಾರದ ಜೈನ ವ್ಯಾಪಾರಿ ಕೊನೆಯ ಗುಟುಕು ಕುಡಿದು ಲೋಟ ಕೆಳಗಿಡುತ್ತಾನೆ. ಮದ್ಯವನ್ನು ದೂರವಿಟ್ಟಿರುವುದು ಎರಡೂ ಕಡೆಗೆ ಸಮಾನ, ನೀರಿನ ಗಡಿಯಾರ ಮಾತ್ರ ತಲೆಕೆಳಗು. ಇಫ್ತಾರಿಗೆ ಕರೆ ಬಂದರೆ ಹೋಗಿ, ಜೊತೆಗೆ ಕೂತು, "ನನಗೆ ಸೂರ್ಯಾಸ್ತದ ಮೇಲೆ ನೀರಿಲ್ಲ" ಎಂದರೆ ಅರ್ಥಮಾಡಿಕೊಳ್ಳಲು ಅವರಷ್ಟು ಸುಲಭದವರು ಬೇರೆ ಯಾರೂ ಇಲ್ಲ.

ಮತ್ತೆ ಸಮಯದ ಪ್ರಶ್ನೆಗೆ ಬರೋಣ, ಏಕೆಂದರೆ ಉಳಿದದ್ದೆಲ್ಲ ಚೀಟಿ, ಪಾತ್ರೆಗಳಲ್ಲಿ ಸರಿಹೋಗುತ್ತದೆ, ಇದು ಹೋಗುವುದಿಲ್ಲ. ಏಳಕ್ಕೆ ಯಾಕೆ ಎಂದು ಕೇಳಿದರೆ ಸಿಗುವ ಉತ್ತರ ಎರಡು. ಒಂದು, ಆಫೀಸಿನವರು ಅದಕ್ಕೆ ಮೊದಲು ಬರಲಾಗುವುದಿಲ್ಲ ಎಂಬುದು. ಕೆಲಸದ ದಿನಗಳ ಮಟ್ಟಿಗೆ ಇದು ನಿಜ. ಭಾನುವಾರ ಇಟ್ಟರೆ ಈ ಮಾತು ನಿಲ್ಲುವುದಿಲ್ಲ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡ್, ಕೆ.ಆರ್. ಪುರದ ಕಡೆಯವರು ನೇರಳೆ ಮಾರ್ಗದ ಮೆಟ್ರೊದಲ್ಲೇ ಇಂದಿರಾನಗರ, ಹಲಸೂರಿಗೆ ಬಂದಿಳಿಯಬಹುದಾದ್ದರಿಂದ, ಟಿನ್ ಫ್ಯಾಕ್ಟರಿಯ ದಟ್ಟಣೆಯ ನೆಪವೂ ಆ ಎರಡು ಕಡೆಯ ಹಾಲ್‌ಗಳಿಗೆ ಹಿಂದಿನಷ್ಟು ಅನ್ವಯಿಸುವುದಿಲ್ಲ. ಇನ್ನೊಂದು ಉತ್ತರ, ಹಾಲ್‌ನವರೇ ಸಂಜೆಯ ಪಾಳಿಯನ್ನು ಆರಕ್ಕೆ ಶುರುಮಾಡಿಕೊಡುತ್ತಾರೆ ಎಂಬುದು. ಅಲಂಕಾರದವರು, ಧ್ವನಿವರ್ಧಕದವರು, ಅಡುಗೆಯವರು ಎಲ್ಲ ಆ ಗಂಟೆಗೇ ಒಗ್ಗಿಕೊಂಡಿದ್ದಾರೆ. ಮುಂಗಡ ಕೊಡುವ ಮೊದಲು ಮೂರು ಗಂಟೆಯಿಂದ ಬಿಟ್ಟುಕೊಡುತ್ತೀರಾ ಎಂದು ಕೇಳಬಹುದು. ಒಂದೇ ಕುಟುಂಬ ಕೇಳಿದರೆ ಹೆಚ್ಚಿನ ಬಾಡಿಗೆ ಹೇಳುತ್ತಾರೆ. ಒಂದು ಮದುವೆ ಋತುವಿನಲ್ಲಿ ಐವತ್ತು ಕುಟುಂಬಗಳ ಪರವಾಗಿ ಸಂಘದವರು, ಸ್ಥಾನಕದವರು, ಬಸದಿ ಸಮಿತಿಯವರು ಸೇರಿ ಕೇಳಿದರೆ ಲೆಕ್ಕ ಬೇರೆ ಆಗುತ್ತದೆ. ಊಟ 4.30ರಿಂದ, ಸೂರ್ಯಾಸ್ತದವರೆಗೆ ಕಾಯಿಸಿದ ನೀರು, ಅದಾದ ಮೇಲೆ ಫೋಟೊ, ಸಂಗೀತ ಎಷ್ಟು ಹೊತ್ತಾದರೂ ಇರಲಿ. ಕೆಲವು ಆಮಂತ್ರಣ ಪತ್ರಿಕೆಗಳಲ್ಲಿ ಈಗಾಗಲೇ "ಸೂರ್ಯಾಸ್ತಕ್ಕೆ ಮೊದಲು ಊಟದ ವ್ಯವಸ್ಥೆ ಇದೆ" ಎಂಬ ಸಾಲು ಕಾಣಿಸುತ್ತಿದೆ. ಸದ್ಯಕ್ಕೆ ಅದು ಪತ್ರಿಕೆಯ ತಳದಲ್ಲಿ, ಸಣ್ಣ ಅಕ್ಷರದಲ್ಲಿದೆ.